ಜೋಡಿ ಮೆಟ್ಟಿಲು

ನಮ್ಮ ಗೋಪುರದೊಳಗೆ ಒಂದನ್ನೊಂದು ಸುತ್ತಿಕೊಂಡ ಎರಡು ಮೆಟ್ಟಿಲಸಾಲುಗಳಿವೆ. ತುದಿಯಲ್ಲಿ, ಬುಡದಲ್ಲಿ ಬಿಟ್ಟರೆ ಅವೆಲ್ಲೂ ಸೇರುವುದಿಲ್ಲ. ಹತ್ತುವವರಿಗೆ ಇಳಿಯುವವರು ಎದುರಾಗುವುದೇ ಇಲ್ಲ. ನೋಡಲು ಬಂದವರು ಬೆರಗಾಗುತ್ತಾರೆ. ನನಗಂತೂ ಅದೇ ಅನುಕೂಲ. ಹತ್ತುವ ಮೆಟ್ಟಿಲು ಗುಡಿಸುವವನು ನಾನು, ಇಳಿಯುವುದು ನನ್ನ ತಮ್ಮನ ಪಾಲು, ನಾವು ಮಾತು ಬಿಟ್ಟು ನಾಲ್ಕು ವರ್ಷ. ನಡುಗೋಡೆಯ ಕಿಂಡಿಗಳಿಂದ ಅವನ ಪೊರಕೆಯ ಸದ್ದು ಮಾತ್ರ ಕೇಳುತ್ತದೆ.

ಇವತ್ತು ಸಡಿಲಾದ ಪೊರಕೆ ಬಿಗಿಯಲು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಆ ಕಡೆಯ ಸದ್ದೂ ನಿಂತಿತು. ನಿಂತರೆ ನನಗೇನು ಅಂದುಕೊಂಡೆ. ಕಿಂಡಿಗೆ ಕಿವಿಯಿಟ್ಟೆ. ಉಸಿರೂ ಕೇಳಿಸಲಿಲ್ಲ. ಹಾಳಾದವನಿಗೆ ಮೊದಲೇ ಎದೆನೋವು! ಕೂತಲ್ಲಿ ಕೂರಲಾಗಲಿಲ್ಲ. ಬೈದುಕೊಳ್ಳುತ್ತಲೇ ತುದಿಗೆ ಹತ್ತಿ, ಅವನ ಮೆಟ್ಟಿಲಲ್ಲಿ ಇಳಿದೆ. ಅರ್ಧದಲ್ಲಿ ಅವನ ಪೊರಕೆ ಅಡ್ಡ ಬಿದ್ದಿತ್ತು, ಅವನಿರಲಿಲ್ಲ.

ಅಷ್ಟರಲ್ಲಿ ಕಿಂಡಿಯ ಆಚೆ, ನನ್ನ ಮೆಟ್ಟಿಲಿನಿಂದ ಏದುಸಿರಿನ ದನಿ ಬಂತು.

"ಅಣ್ಣಾ! ಪೊರಕೆ ಬಿಸಾಕಿ ಎಲ್ಲಿ ಹಾಳಾಗಿ ಹೋದೆ? ಸದ್ದು ನಿಂತಿದ್ದಕ್ಕೆ ಜೀವ ಬಾಯಿಗೆ ಬಂತಲ್ಲ!"

"ಅಲ್ಲೇ ಇರೋ, ಬಂದೆ!"

"ನೀನೇ ಇರಣ್ಣ, ನಾನೇ ಬರ್ತೀನಿ!"

ನಾನು ಮೇಲಕ್ಕೆ ಓಡಿದೆ. ಗೋಡೆಯಾಚೆ ಅವನ ಹೆಜ್ಜೆಗಳು ಕೆಳಕ್ಕೆ ಓಡಿದವು.