ತಕ್ಕಡಿಗೆ ಕಾಣದ ಸವಕಳಿ

ಗುಜರಿ ಅಂಗಡಿಯ ಯಜಮಾನರಿಗೆ ಲಿವರ್ ಕಾಯಿಲೆ ಶುರುವಾಗಿ ಎರಡು ವರ್ಷ. ಹಳೇ ಕಬ್ಬಿಣ ತೂಗುವ ದೊಡ್ಡ ತಕ್ಕಡಿಯ ಮೇಲೆ ಪ್ರತಿ ಸೋಮವಾರ ತಾವೂ ಹತ್ತಿ ನಿಲ್ಲುತ್ತಿದ್ದರು. ಪ್ರತಿ ಸಲವೂ ಅದೇ ಅರವತ್ತೆಂಟು ಕಿಲೋ.

"ನೋಡೇ, ಒಂದು ಗ್ರಾಮೂ ಇಳಿದಿಲ್ಲ!"

ಆ ಮಾತು ನಂಬಿ ಹೆಂಡತಿ ನೆಮ್ಮದಿಯಾಗಿದ್ದರು. ಲಿವರ್‌ಗೆ ಭಾರವಾಗಬಾರದೆಂದು ಬೇಳೆ, ಮೊಟ್ಟೆ, ಹಾಲು ಎಲ್ಲ ನಿಲ್ಲಿಸಿ ಬರೀ ತಿಳಿಗಂಜಿ ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು, ಅದೇ ಸಂಕಟ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕೂತ ಯಜಮಾನರಿಗೆ ಏಳಲು ಆಗಲಿಲ್ಲ. ಹೆಂಡತಿಯ ಕೂಗು ಕೇಳಿ ಪಕ್ಕದ ಮನೆಯ ನರ್ಸಮ್ಮ ಓಡಿಬಂದು, ಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸಿದರು.

"ತೂಕ ಸರಿಯಾಗೇ ಇದೆ ನರ್ಸಮ್ಮಾ. ನನ್ನ ತಕ್ಕಡಿ ಸುಳ್ಳು ಹೇಳಲ್ಲ," ಯಜಮಾನರು ಮುಖ ಗಂಟಿಕ್ಕಿದರು.

"ಹೇಳ್ತಿಲ್ಲ ಅಣ್ಣ. ಆದ್ರೆ ಹೊಟ್ಟೆ ಊದಿದೆ, ಅದು ನೀರು. ತೋಳು, ತೊಡೆ ನೋಡ್ಕೊಳ್ಳಿ, ಎಷ್ಟು ಸೊರಗಿವೆ. ಆ ಕಡೆ ಮಾಂಸ ಕರಗ್ತಿದೆ, ಈ ಕಡೆ ನೀರು ತುಂಬ್ತಿದೆ. ತೂಕ ಹೇಗೆ ಇಳಿಯುತ್ತೆ? ಎಲ್ಲಿ, ಕೈ ಊರದೆ ಏಳಿ ನೋಡೋಣ."

ಎರಡು ಸಲ ಪ್ರಯತ್ನಿಸಿದರು, ಏಳಲಾಗಲಿಲ್ಲ. ಮೂಟೆಗಟ್ಟಲೆ ಕಬ್ಬಿಣ ಎತ್ತಿದ ಮನುಷ್ಯ ತಲೆ ತಗ್ಗಿಸಿ ಕೂತುಬಿಟ್ಟರು.

"ಲಿವರ್‌ಗೂ ಮೈಯ ಮಾಂಸಕ್ಕೂ ಏನಮ್ಮಾ ಸಂಬಂಧ?" ಹೆಂಡತಿಗೆ ಇನ್ನೂ ಅನುಮಾನ.

"ಊಟದ ಶಕ್ತೀನ ಕೂಡಿಟ್ಟು ಹಸಿದಾಗ ಕೊಡೋದು ಲಿವರ್ ಅಕ್ಕ. ಅದು ಕೆಟ್ರೆ ದಾಸ್ತಾನೇ ಇರಲ್ಲ. ಒಂದು ರಾತ್ರಿ ಹಸಿದ್ರೂ ದೇಹ ತನ್ನ ಮಾಂಸಖಂಡಾನೇ ಕರಗಿಸ್ಕೊಳ್ಳುತ್ತೆ. ಇಂಥವರಿಗೆ ಬೇಳೆ, ಮೊಟ್ಟೆ, ಹಾಲು ಜಾಸ್ತಿನೇ ಬೇಕು. ಸ್ವಲ್ಪಸ್ವಲ್ಪ ಐದಾರು ಸಲ ಕೊಡಿ. ಮಲಗೋ ಮುಂಚೆ ಏನಾದ್ರೂ ತಿನ್ನಲೇಬೇಕು. ಉಪ್ಪು ಕಮ್ಮಿ ಮಾಡಿ. ಆದಷ್ಟು ನಡೆಸಿ. ಹೊಟ್ಟೆ ನೀರನ್ನ ಮಾತ್ರ ಇವತ್ತೇ ಡಾಕ್ಟರಿಗೆ ತೋರಿಸಬೇಕು."

"ಹಾಗಾದ್ರೆ ನಾನೇ ಇವರನ್ನ ಉಪವಾಸ ಕೆಡವಿದೆನಾ?" ಆಕೆ ಗಳಗಳನೆ ಅತ್ತರು.

ಯಜಮಾನರು ಹೆಂಡತಿಯ ಕೈ ಹಿಡಿದುಕೊಂಡರು. "ಜಂಬ ಕೊಚ್ಚಿಕೊಂಡಿದ್ದು ನಾನು ಕಣೇ. ಅಳಬೇಡ. ಒಂದು ಮೊಟ್ಟೆ ಬೇಯಿಸು, ತಿಂದು ಆಸ್ಪತ್ರೆಗೆ ಹೊರಡೋಣ."

ಮೂರು ತಿಂಗಳಾಯಿತು. ಕಾಯಿಲೆ ಹೋಗಿಲ್ಲ, ಪೂರ್ತಿ ಹೋಗುತ್ತದೆಂದು ಡಾಕ್ಟರೂ ಮಾತು ಕೊಟ್ಟಿಲ್ಲ. ಆದರೆ ಯಜಮಾನರು ಬೀದಿಯ ಕೊನೆಯವರೆಗೂ ತಾವೇ ನಡೆದು ಬರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಲಿವರ್ ಕಾಯಿಲೆಯವರಿದ್ದರೆ ಪಥ್ಯದ ಹೆಸರಿನಲ್ಲಿ ಅವರನ್ನು ಹಸಿವಿಗೆ ದೂಡಬೇಡಿ. ಏನು, ಎಷ್ಟು ಕೊಡಬೇಕೆಂದು ಡಾಕ್ಟರನ್ನು ಕೇಳಿ. ಇವತ್ತು ಅವರ ಪಕ್ಕ ಕೂತು, ಅವರ ತೋಳು ಸೊರಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ.