ಎರಡನೇ ಏಟು

ಕಾಸ್ಟ್ಯೂಮಿನವನು ಹೊಸ ಸೀರೆಯೊಂದನ್ನು ತೊಡೆಯ ಮೇಲೆ ಹರವಿಕೊಂಡು ಕತ್ತರಿಯಿಂದ ತೂತು ಮಾಡುತ್ತಿದ್ದ. ಒಂದು ತೂತು ಮಾಡುವುದು, ದೂರ ಹಿಡಿದು ನೋಡುವುದು, ತಲೆದೂಗಿ ಇನ್ನೊಂದಕ್ಕೆ ಕೈಹಾಕುವುದು. ಗೂಗಲ್ ಎಂಬ ಊರಿನ ಹೊಳೆದಂಡೆಯ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದ ಕಲ್ಯಾಣಿ ಅದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಬಾಯೊಳಗಿನ ಎಲೆಅಡಿಕೆ ಉಗುಳಿದಳು.

"ಹುಲಗಪ್ಪಾ, ಬಡವರ ಸೀರಿ ಹಿಂಗ ದುಂಡದುಂಡಗ ಹರಿತಾವೇನೋ? ಇದು ಇಲಿ ತಿಂದಂಗದ."

ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ, ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಹುಲಗಪ್ಪ ಅತ್ತಿತ್ತ ನೋಡಿದ. "ಸುಮ್ನಿರ ಯಕ್ಕಾ, ಅವರಿಗೆ ಕೇಳಿಸ್ತದ."

"ಕೇಳ್ಲಿ ಬಿಡು. ಇಪ್ಪತ್ತೆರಡು ವರ್ಷ ಬಣ್ಣ ಹಚ್ಚೀನಿ. ಹರಕಿದ್ದದ್ದು ನೆರಿಗಿ ಒಳಗ ಹೋಗಬೇಕು, ಚಲೋ ಬದಿ ಮಂದಿ ಕಡೆ ಬರಬೇಕು, ಹಂಗ ಉಡ್ತಿದ್ವಿ. ಹರಕು ಕಾಣಂಗ ಉಟ್ಟಾಕಿ ಪಾತ್ರಧಾರಿ ಹೆಂಗಾದಾಳು?"

ತಮಿಳು ಸಿನೆಮಾ. ನಾಟಕದ ನಟಿಯೊಬ್ಬಳು ಪಟ್ಟ ಕಷ್ಟವೇ ಕಥೆಯಂತೆ. ಆ ಕಷ್ಟ ಪಡಬೇಕಾದ ನಾಯಕಿ ಅತ್ತ ತಣ್ಣನೆಯ ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಳು. ಅಜ್ಜಿಕತೆಯ ಏಳು ಮಲ್ಲಿಗೆ ತೂಕದ ರಾಜಕುಮಾರಿ. ಹೊರಗೆ ಕಾಲಿಟ್ಟರೆ ಒಬ್ಬ ಕೊಡೆ ಹಿಡಿಯಬೇಕು, ಇನ್ನೊಬ್ಬ ಗಾಳಿ ಬೀಸಬೇಕು. ಉತ್ತರದ ಕಡೆಯವಳು, ತಮಿಳಿನ ಒಂದಕ್ಷರ ಬಾರದು. ಬೆಳಿಗ್ಗೆ ಅವಳದೊಂದು ದುಃಖದ ಮಾತಿತ್ತು. ಕಣ್ಣಿಗೆ ಔಷಧಿ ಬಿಟ್ಟುಕೊಂಡು, ಗಂಟಲು ಬಿಗಿದು, "ಒನ್, ಟೂ, ತ್ರೀ" ಎಂದು ಶುರುಮಾಡಿ ಹದಿನೆಂಟರವರೆಗೂ ಅತ್ತಿದ್ದಳು. ಮಾತನ್ನು ಆಮೇಲೆ ಬೇರೆ ಯಾರೋ ತುಂಬುತ್ತಾರಂತೆ. ಇಡೀ ನಾಟಕದ ಮಾತು, ತನ್ನದಷ್ಟೇ ಅಲ್ಲ ಎದುರಿನವನದೂ, ನಾಲಿಗೆಯ ಮೇಲೆ ಹೊತ್ತು ತಿರುಗಿದ ಕಲ್ಯಾಣಿಗೆ ಆಗ ನಗಬೇಕೋ ಉಗಿಯಬೇಕೋ ತಿಳಿದಿರಲಿಲ್ಲ.

ಮೂರು ತಿಂಗಳ ಹಿಂದೆ ಇಳಂಗೋ ಎಂಬ ಸಹಾಯಕ ನಿರ್ದೇಶಕ ಮಾನ್ವಿಯಲ್ಲಿ ಅವಳ ಮನೆ ಹುಡುಕಿಕೊಂಡು ಬಂದಿದ್ದ. ಕೆಲವು ವರ್ಷ ಬೆಂಗಳೂರಿನಲ್ಲಿ ಇದ್ದವನು, ಕನ್ನಡ ಬರುತ್ತಿತ್ತು. ಹುಲಗಪ್ಪ ಹೇಳಿಕೊಟ್ಟಂತೆ ಎಲೆಅಡಿಕೆ ಮುಂದಿಟ್ಟು ಕ್ರಮವಾಗಿ ವೀಳ್ಯ ಕೊಟ್ಟ. ವೀಳ್ಯ ಹಿಡಿದ ಮೇಲೆ ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಸಾವಿರಲಿ, ಪಾತ್ರಧಾರಿ ಹೋಗಿ ಬಣ್ಣ ಹಚ್ಚಲೇಬೇಕು. ಕಲ್ಯಾಣಿ ಅದರಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಇಳಂಗೋ ಮೂರು ದಿನ ಫೋನು ಮುಂದಿಟ್ಟು ಅವಳ ಬದುಕನ್ನು ಕೇಳಿದ. ಹಳ್ಳಿಯ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡುವುದನ್ನೂ, ನಾಟಕದ ದಿನ ಬಸ್ಸಿನಿಂದ ಇಳಿದ ತಾನು ತುಟಿ ಅಲ್ಲಾಡಿಸದೆ ಅವರಿಗೆ ಮಾತು ನೆನಪು ಮಾಡಿಕೊಡುವುದನ್ನೂ ಹೇಳಿದಳು. ಇದೇ ದೇವದುರ್ಗ ತಾಲೂಕಿನ ಒಂದೂರಿನ ಸಂಗತಿಯನ್ನೂ ಹೇಳಿದಳು.

ಅಲ್ಲಿ ನಾಯಕನಾಗಿದ್ದವನು ಊರ ಧಣಿಯ ಮಗ. ಅಪ್ಪಿಕೊಳ್ಳುವ ಸೀನು ಇರಲೇ ಇಲ್ಲ, ಅಪ್ಪಿಕೊಂಡ. ಕೈ ಎಲ್ಲೆಲ್ಲೋ ಹೋಯಿತು. ಕಲ್ಯಾಣಿ ಕಾಲಿನ ಚಪ್ಪಲಿ ಕಿತ್ತು ಕೆನ್ನೆಗೆ ಬಾರಿಸಿದಳು. ಬಾರಿಸುತ್ತಲೇ ನಾಟಕದ ಧಾಟಿಯಲ್ಲಿ, "ಎಲೈ ಮೂಢಾ, ಪರಸ್ತ್ರೀಯ ಸೆರಗು ಸುಡುವ ಬೆಂಕಿಯೆಂದು ತಿಳಿ!" ಎಂದಳು. ಮಂದಿ ಅದನ್ನು ನಾಟಕವೆಂದೇ ತಿಳಿದರು. ಚಪ್ಪಾಳೆ, ಸಿಳ್ಳೆ. ಹೆಣ್ಣುಮಕ್ಕಳು ಕೂತ ಬದಿಯಿಂದ ಒಂದು ದನಿ ಎದ್ದಿತು: "ಒನ್ಸ್ ಮೋರ್!" ಹಿಂದೆಯೇ ಇಡೀ ಊರು ಕೂಗಿತು. ಹಾಡಿರಲಿ, ಮಾತಿರಲಿ, ಒನ್ಸ್ ಮೋರ್ ಬಿದ್ದರೆ ಮತ್ತೊಮ್ಮೆ ಮಾಡಿ ತೋರಿಸುವುದು ನಾಟಕದ ಪದ್ಧತಿ. ಧಣಿಯ ಮಗ ತನ್ನೂರ ಮುಂದೆಯೇ ಇನ್ನೊಮ್ಮೆ ಅಪ್ಪಲು ಬಂದು, ಇನ್ನೊಮ್ಮೆ ಕೆನ್ನೆ ಕೊಟ್ಟು ನಿಲ್ಲಬೇಕಾಯಿತು.

"ಆ ಎರಡನೇ ಏಟು ನಾ ಸಾವಕಾಶ ಹೊಡದೆ ನೋಡ್ರಿ" ಎಂದಿದ್ದಳು ಕಲ್ಯಾಣಿ.

ಇಳಂಗೋ ಕಣ್ಣೊರೆಸಿಕೊಂಡಿದ್ದ. "ಅಮ್ಮಾ, ಇದೇ ಕ್ಲೈಮ್ಯಾಕ್ಸ್. ನಾಯಕಿಗೆ ನಿಮ್ಮ ಹೆಸರೇ ಇಡ್ತೀವಿ. ನಿಮಗೂ ಕೊನೇಲಿ ಒಂದು ಪಾತ್ರ." ಮಾನ್ವಿಯಲ್ಲಿ ಹಾಲು ಹಾಕುವವನಿಗೂ ಅವಳು ಈ ಸುದ್ದಿ ಹೇಳಿಯಾಗಿತ್ತು.

ಈಗ ಅದೇ ಇಳಂಗೋ ತೂತಿನ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ಬೇವಿನ ಮರದತ್ತ ಬಂದ.

"ಅಮ್ಮಾ, ಸಣ್ಣ ಬದಲಾವಣೆ ಆಗಿದೆ. ಕಲ್ಯಾಣಿ ಹೊಳೆಗೆ ಹಾರ್ತಾಳೆ. ಮೇಡಂಗೆ ಮದುವೆ ಗೊತ್ತಾಗಿದೆ, ಹೆಣವಾಗಿ ಮಲಗೋದು ಅಪಶಕುನ ಅಂತಾರೆ. ಅವರ ಬದಲು ನೀವು ಮಲಗಬೇಕು, ನಿಮ್ಮ ಎತ್ತರ ಸರಿಹೋಗುತ್ತೆ. ಮುಖದ ಮೇಲೆ ಕೂದಲು ಹರಡಿಬಿಡ್ತೀವಿ."

"ಯಾಕ ಹಾರ್ತಾಳ?"

"ಎಲ್ಲರ ಮುಂದೆ ಅವನು ಮೈ ಮುಟ್ಟಿದನಲ್ಲ... ಆ ಅವಮಾನಕ್ಕೆ."

"ಮತ್ತ ಚಪ್ಲಿ?"

ಇಳಂಗೋ ಸೀರೆಯ ತೂತಿನಲ್ಲಿ ಬೆರಳಾಡಿಸಿದ. "ಹೀರೋಯಿನ್ ಹೊಡೆದ್ರೆ ಯಾರೂ ಅಳಲ್ಲ ಅಂದ್ರು ಡೈರೆಕ್ಟರ್. ಸತ್ರೆ ಅಳ್ತಾರೆ."

ಅವನು ಸೀರೆಯನ್ನು ಕುರ್ಚಿಯ ತೋಳಿಗೆ ಹಾಕಿ ಹೋದ. ಕಲ್ಯಾಣಿ ಹುಲಗಪ್ಪನ ಕಡೆ ತಿರುಗಿದಳು. "ಕೇಳಿದ್ಯಲ್ಲೋ? ನಾಳಿ ಈ ಸಿನೆಮಾ ನೋಡಿದ ಮಂದಿ ಏನಂತಾರ? ಮಾನ್ವಿ ಕಲ್ಯಾಣಿ ಹೊಳಿ ಬಿದ್ಲಂತ. ಒಬ್ಬ ಹೇಸಿ ಕೈ ಹಚ್ಚಿದ್ದಕ್ಕ ಸತ್ಲಂತ. ನಾ ಮನಿಮನಿಗೆ ಹೋಗಿ ಅಲ್ಲ, ಹೊಡದೆ ಅಂತ ಹೇಳಿ ಬರ್ಲೇನು?"

"ಯಕ್ಕಾ, ವೀಳ್ಯ ಹಿಡದೀಯಲ್ಲ" ಎಂದ ಹುಲಗಪ್ಪ, ನೆಲ ನೋಡುತ್ತ.

ಎಷ್ಟೋ ಹಾಡಿಗೆ ಪೇಟಿ ಹಿಡಿದ ಈ ಮನುಷ್ಯನ ನೆತ್ತಿಯನ್ನು ಕಲ್ಯಾಣಿ, ಚಹಾದಲ್ಲಿ ಬಿದ್ದ ನೊಣವನ್ನು ನೋಡುವಂತೆ ನೋಡಿದಳು. ಆದರೂ ಸೀರೆ ಎತ್ತಿಕೊಂಡಳು. ತಾನು ಎತ್ತಿಕೊಂಡದ್ದು ಕಂಡು ತನ್ನ ಮೇಲೂ ಹೇಸಿಕೆಯಾಯಿತು.

ಮೇಲೆ ಬಕೆಟ್ಟು ನೀರು ಸುರಿದು ಅವಳನ್ನು ಉಸುಕಿನಲ್ಲಿ ಮಲಗಿಸಿದರು. ಚಪ್ಪಲಿ ಬೇವಿನ ಬುಡದಲ್ಲೇ ಉಳಿಯಿತು. ಅಳುವುದಕ್ಕೆಂದು ಸುತ್ತಲಿನ ಊರುಗಳಿಂದ ಹತ್ತು ಹೆಂಗಸರನ್ನು ಕರೆಸಿದ್ದರು. ಅವರಲ್ಲೊಬ್ಬಳು ಬಡೇಬೀ, ಊರೂರು ತಿರುಗಿ ಬಳೆ ಇಡಿಸುವ ಮುದುಕಿ. ಆಕ್ಷನ್ ಎಂದದ್ದೇ ಹೆಂಗಸರು ಬಾಯಿಗೆ ಸೆರಗು ಒತ್ತಿ ಅಳತೊಡಗಿದರು. ಬಡೇಬೀ ಎದೆ ಬಡಿದುಕೊಳ್ಳುತ್ತ ಹೆಣದ ಪಕ್ಕ ಕುಸಿದವಳು, ಸತ್ತವಳ ಮುಖ ನೋಡದೆ ಅಳುವುದು ಹೇಗೆಂದು ಕೂದಲು ಸರಿಸಿದಳು.

"ಯಾ ಅಲ್ಲಾ! ಇಕಿ ಕಲ್ಯಾಣಿ ಅಲ್ಲೇನ ಬೇ? ಧಣಿ ಮಗಗ ಚಪ್ಲಿಲೆ ಹೊಡದಾಕಿ?"

ಅಳು ನಿಂತಿತು. ಉಳಿದ ಒಂಬತ್ತು ತಲೆಗಳೂ ಬಗ್ಗಿದವು.

"ಹೌದಲ್ಲ! ಇಕಿ ಯಾಕ ಹೊಳಿ ಬಿದ್ಲು?" ಎಂದಳು ಹನುಮಂತಮ್ಮ ಎಂಬಾಕೆ. "ಬೀಳಬೇಕಾದಾಂವ ಅವನಲ್ಲೇನು?"

"ಕಟ್! ಕಟ್!"

ನಿರ್ದೇಶಕ ತಮಿಳಿನಲ್ಲಿ ಚೀರಿದ, ಇಳಂಗೋ ಕನ್ನಡದಲ್ಲಿ ಕೈಮುಗಿದ. ಮತ್ತೆ ಕೂದಲು ಹರಡಿದರು, ಮತ್ತೆ ಆಕ್ಷನ್ ಎಂದರು. ಈ ಸಲ ಬಡೇಬೀ, ಇಳಂಗೋ ಹೇಳಿಕೊಟ್ಟ ಹಾಗೆಯೇ, ಹೆಣದ ಎದೆಯ ಮೇಲೆ ಬಿದ್ದು ಗೋಳಾಡಿದಳು. ಗೋಳಾಡುತ್ತ ಕಿವಿಯ ಹತ್ತಿರ ಬಾಯಿ ತಂದು ಉಸುರಿದಳು:

"ಅವತ್ತು ಮೊದಲ ಒನ್ಸ್ ಮೋರ್ ಅಂದಾಕಿ ನಾನ ಬೇ. ಅಂವ ಬಳಿ ಇಡಸ್ಕೊಳ್ಳೋ ಹೆಣ್ಮಕ್ಕಳನ್ನ ನೋಡಾಕ ನನ್ನ ಬುಟ್ಟಿ ಮುಂದ ಬಂದು ನಿಂದರತಿದ್ದ. ಒಂದ ಏಟಿಗೆ ನನ್ನ ಹೊಟ್ಟಿ ತುಂಬಲಿಲ್ಲ."

ಹೆಣದ ಹೊಟ್ಟೆ ಕುಲುಕತೊಡಗಿತು. ತಡೆಯಲು ಹಲ್ಲು ಕಚ್ಚಿದರೆ ಹೆಗಲೂ ಕುಲುಕಿತು.

"ಹೆಣ ನಗ್ತಿದೆಯಂತೆ!" ಇಳಂಗೋ ಓಡಿಬಂದ. "ಅಮ್ಮಾ, ಇನ್ನೊಂದೇ ಸಲ."

ಕಲ್ಯಾಣಿ ಎದ್ದು ಕೂತು ಕೂದಲು ಹಿಂಡಿಕೊಂಡಳು. "ನಾ ವೀಳ್ಯ ಹಿಡದದ್ದು ಕಲ್ಯಾಣಿ ಪಾತ್ರಕ್ಕ. ಇದು ಬ್ಯಾರೆ ಯಾರದೋ ಹೆಣ."

"ಬೇರೆ ಯಾರನ್ನಾದ್ರೂ ಮಲಗಿಸ್ತೀವಿ ಅಷ್ಟೇ ಅಮ್ಮಾ. ಸಿನೆಮಾ ನಿಲ್ಲಲ್ಲ."

"ಮಲಗಸ್ರಿ. ನಿಮ್ಮ ಒನ್ ಟೂ ತ್ರೀ ಮೇಡಂನೂ ಮಲಗಸ್ರಿ. ನನ್ನ ಹೆಸರು ಮಾತ್ರ ಕಿತ್ತು ಇಲ್ಲಿ ಇಟ್ಟುಹೋಗ್ರಿ."

"ಅದು ಡೈರೆಕ್ಟರು..."

"ಹೆಸರಿರೋ ತನಕ ನಾವಂತೂ ಅಳೂದಿಲ್ಲಪಾ" ಎಂದಳು ಹನುಮಂತಮ್ಮ. ಹೆಂಗಸರು ಸೆರಗು ಕೊಡವಿ ಎದ್ದರು, ಕಲ್ಯಾಣಿಯೂ ಎದ್ದಳು. ಇಳಂಗೋ ನಿರ್ದೇಶಕನ ಕಡೆ ನೋಡಿದ. ನಿರ್ದೇಶಕ ಬರಿದಾದ ಉಸುಕನ್ನು ನೋಡುತ್ತಿದ್ದ.

ನಡುಮಧ್ಯಾಹ್ನ. ಉಸುಕು ಕಾದ ಹಂಚಿನಂತಿತ್ತು. ಕಲ್ಯಾಣಿ ಒಂದು ಹೆಜ್ಜೆ ಇಟ್ಟು ಕಾಲು ಹಿಂದಕ್ಕೆ ತೆಗೆದುಕೊಂಡಳು. ಬೇವಿನ ಬುಡದಲ್ಲಿದ್ದ ಹುಲಗಪ್ಪ ಚಪ್ಪಲಿಯನ್ನು ನೋಡಿದ, ಕೂತಲ್ಲಿಂದ ಏಳಲಿಲ್ಲ. ಬಡೇಬೀಯೇ ಹೋಗಿ ಎರಡನ್ನೂ ಎತ್ತಿಕೊಂಡು ಬಂದಳು. ಕೈಯಲ್ಲಿ ಚಪ್ಪಲಿ ಹಿಡಿದು ಬರುತ್ತಿದ್ದ ಮುದುಕಿಯನ್ನು ಕಂಡು ನಿರ್ದೇಶಕ ಒಂದು ಹೆಜ್ಜೆ ಹಿಂದೆ ಸರಿದ.

ಬಡೇಬೀ ಅವನನ್ನು ದಾಟಿ ಬಂದು, ಒಂದಕ್ಕೊಂದು ಬಡಿದು ಉಸುಕು ಉದುರಿಸಿ, ಎರಡನ್ನೂ ಜೋಡಿಸಿ ಕಲ್ಯಾಣಿಯ ಕಾಲ ಮುಂದೆ ಇಟ್ಟಳು.