ಲೆಕ್ಕಕ್ಕುಂಟು, ಆಟಕ್ಕಿಲ್ಲ

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರು ಅವರವರ ಮನೆಗೆ ಹೋದ ಮೇಲಿನ ಮೊದಲ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಪೇಪರು ಬಂತು, ವಿದ್ಯಾರ್ಥಿವೇತನ ಮಂಡಳಿಯ ಕಾರ್ಯದರ್ಶಿಯ ಫೋನೂ ಬಂತು.

"ತುಂಬಲಾರದ ನಷ್ಟ ಕಣಮ್ಮ," ಎಂದರು. ಉಸಿರೂ ತೆಗೆದುಕೊಳ್ಳದೆ, "ಇವತ್ತೇ ಸಭೆ. ಅವರ ಜಾಗ ನೀವೇ ತುಂಬಬೇಕು."

ನನ್ನ ಗಂಡ ಆ ಮಂಡಳಿಯ ವಿದ್ಯಾರ್ಥಿ ಸದಸ್ಯ. ಮತ ಹಾಕುವಂತಿಲ್ಲ, ಕೇಳದೆ ಬಾಯಿ ಬಿಡುವಂತಿಲ್ಲ. ಆದರೆ ವಿದ್ಯಾರ್ಥಿಗಳ ಮೇಲೆ ತಮಗೆಷ್ಟು ಅಕ್ಕರೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಮಂಡಳಿ ಒಂದು ನಿಯಮ ಮಾಡಿಕೊಂಡಿತ್ತು: ವಿದ್ಯಾರ್ಥಿ ಸದಸ್ಯ ಸಭೆಯಲ್ಲಿ ಕೂತಿರದಿದ್ದರೆ ಯಾವ ತೀರ್ಮಾನವೂ ಊರ್ಜಿತವಲ್ಲ. ಸದಸ್ಯ ತೀರಿಕೊಂಡರೆ ವರ್ಷದ ಉಳಿದ ಅವಧಿಗೆ ಅಧ್ಯಕ್ಷರೇ ಇನ್ನೊಬ್ಬ ವಿದ್ಯಾರ್ಥಿಯನ್ನು ನೇಮಿಸಬಹುದು. ನಾನು ಸಂಶೋಧನಾ ವಿದ್ಯಾರ್ಥಿನಿ, ಮೇಲಾಗಿ ವಿಧವೆ. ಎರಡೂ ಫೋಟೋಗೆ ಚೆನ್ನ.

"ಆಗಲ್ಲ ಅಂದ್ರೆ ಹೇಳಿ, ಅಧ್ಯಕ್ಷರ ಸೋದರಳಿಯ ಇದ್ದಾನೆ. ಅವನೂ ಏನೋ ಓದ್ತಾನೆ."

"ಬರ್ತೀನಿ," ಎಂದೆ.

ನಾದಿನಿ ಕೆಲಸಕ್ಕೆ ಹೊರಟು ನಿಂತಿದ್ದಳು. ಹಗಲು ಔಷಧಿ ಅಂಗಡಿ, ಸಂಜೆ ಕಾಲೇಜು. "ಅತ್ತಿಗೆ, ಸಂಜೆ ಕಾಲೇಜಿನವರ ವಿದ್ಯಾರ್ಥಿವೇತನ ನಿಲ್ಲಿಸೋಕೇ ಈ ಸಭೆ. ನಿಂತ್ರೆ ನಾನು ಕಾಲೇಜು ಬಿಟ್ಟ ಹಾಗೇನೇ. ನೀನು ಹೋಗಿ ಏನ್ ಮಾಡ್ತೀಯ? ಅಣ್ಣನೇ ಅಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ ಅನ್ನೋ ಹಾಗಿದ್ದ."

"ಗೊತ್ತಿಲ್ಲ ಕಣೆ."

ನಿಜವಾಗಿಯೂ ಗೊತ್ತಿರಲಿಲ್ಲ.

ಸಭೆಯಲ್ಲಿ ಎಲ್ಲರೂ ಎದ್ದು ಮೌನ ಆಚರಿಸಿದರು. ಬ್ಯಾಂಕಿನ ಪ್ರತಿನಿಧಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗಡಿಯಾರ ನೋಡಿದರು. "ನಮ್ಮನೆ ಮಗನ ಹಾಗಿದ್ದ," ಎಂದ ಅಧ್ಯಕ್ಷರು ಹೆಸರಿಗಾಗಿ ಕಾರ್ಯದರ್ಶಿಯ ಮುಖ ನೋಡಿದರು. ಎಲ್ಲರೂ ಕೂತರು. ನಾನು ನಿಂತೇ ಇದ್ದೆ. ಮೇಜಿನ ಸುತ್ತ ಮೆತ್ತೆಯ ಕುರ್ಚಿಗಳಿದ್ದವು, ಖಾಲಿಯಾದದ್ದು ಒಂದೂ ಇರಲಿಲ್ಲ. ವಿದ್ಯಾರ್ಥಿಯನ್ನು ಸೇರಿಸಿಕೊಂಡವರು ಕುರ್ಚಿ ಸೇರಿಸಲು ಮರೆತಿದ್ದರು.

"ಬಾಗಿಲ ಹಿಂದೆ ಇದೆ ನೋಡಿ," ಎಂದರು ಕಾರ್ಯದರ್ಶಿ. "ಕೆಳಗೆ ಕ್ಯಾಂಟೀನಿನ ಅಕ್ಕನ ಹತ್ರ ನಿಮ್ಮವರೇ ಎರವಲು ತಂದಿದ್ದು. ಹೊಸದಕ್ಕೆ ಮಂಜೂರಾತಿ ಕೇಳಿದೀವಿ."

ಮಡಚುವ ಕಬ್ಬಿಣದ ಕುರ್ಚಿ. ಒಂದು ಕಾಲು ಗಿಡ್ಡ. ಇಷ್ಟು ದಿನ ಇದರ ಮೇಲೆ ಅಲುಗಾಡುತ್ತ ಕೂತಿದ್ದವನು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅಳು ಬರಬಹುದೆಂದು ಕಾದೆ. ಬರಲಿಲ್ಲ.

"ಸಂಜೆ ಕಾಲೇಜಿನವರು ಹಗಲು ದುಡೀತಾರೆ," ಎಂದರು ಬ್ಯಾಂಕಿನವರು. "ದುಡಿಯೋರಿಗೆ ಸಹಾಯ ಯಾಕೆ?"

"ಹೋದ ಸಲ ಹಗಲು ಓದೋರಿಗೆ ಕಡಿತ ಮಾಡಿದ್ರಿ," ಎಂದೆ. "ದುಡಿಯದೆ ಇರೋರಿಗೆ ಸಹಾಯ ಯಾಕೆ ಅಂತ."

"ಕೇಳ್ದಾಗ ಮಾತಾಡಮ್ಮ." ಅಧ್ಯಕ್ಷರು ನಕ್ಕರು. "ಗಂಡನದ್ದೇ ಚಾಳಿ. ಸರಿ, ಒಪ್ಪಿದವರು ಕೈ ಎತ್ತಿ."

ಕೈಗಳು ಏಳುವ ಮೊದಲೇ ನಾನು ಎದ್ದೆ. ಕುರ್ಚಿ ಮಡಚಿದೆ.

"ಎಲ್ಲಿಗಮ್ಮ? ನೀವು ಕೂತಿಲ್ದೆ ಇದ್ರೆ ಏನೂ ಪಾಸಾಗಲ್ಲ!" ಕಾರ್ಯದರ್ಶಿ ಚಡಪಡಿಸಿದರು.

"ಎರವಲು ಕುರ್ಚಿ. ವಾಪಸ್ ಕೊಡ್ಬೇಕು."

"ಯಾರಾದ್ರೂ ಅವರಿಗೆ ಕುರ್ಚಿ ಬಿಟ್ಟುಕೊಡ್ರಿ!" ಅಧ್ಯಕ್ಷರು ಕೂಗಿದರು.

ಯಾರೂ ಏಳಲಿಲ್ಲ. ಅಧ್ಯಕ್ಷರೂ.

ಮೆಟ್ಟಿಲಿಳಿದು ಕ್ಯಾಂಟೀನಿಗೆ ಹೋದೆ. ಅಕ್ಕ ಲೋಟ ತೊಳೆಯುತ್ತಿದ್ದರು. ಕುರ್ಚಿಯನ್ನೂ ನನ್ನನ್ನೂ ನೋಡಿ ನಲ್ಲಿ ನಿಲ್ಲಿಸಿದರು.

"ಇಟ್ಕೋ ತಾಯಿ, ಮುಂದಿನ ಸಭೆಗೂ ಬೇಕಾಗುತ್ತಲ್ಲ."

"ಬೇಡ ಅಕ್ಕ. ಮೇಲಿನವರು ಕೇಳೋಕೆ ಬಂದ್ರೂ ಕೊಡಬೇಡಿ."

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುರ್ಚಿ ತೆಗೆದುಕೊಂಡರು.